ಸಾಫ್ಟ್ ಹ್ಯಾಕಲ್ ಫ್ಲೈಗೆ ಯಾವ ಗರಿ?

ಮೈಸೂರು ಗಾಳಗಾರ: ನೀಲಗಿರಿಯ ಟ್ರೌಟ್ ಮೀನಿಗೆ ಅಂತ ಸಾಫ್ಟ್ ಹ್ಯಾಕಲ್ ವೆಟ್ ಫ್ಲೈ (ಗಾಳಕ್ಕೆ ಮೆತ್ತನೆ ಗರಿ ಸುತ್ತಿ ಮಾಡುವ, ನೀರಲ್ಲಿ ಮುಳುಗುವ ನಕಲಿ ಹುಳ) ಕಟ್ಟುತ್ತಿದ್ದೇನೆ. 14ನೇ ಸೈಜಿನ ಗಾಳ, ಕಿತ್ತಳೆ ರೇಷ್ಮೆ ದಾರ. ಇಂಗ್ಲೆಂಡಿನವರು ಪಾರ್ಟ್ರಿಡ್ಜ್ (ಗೌಜಲಹಕ್ಕಿಯನ್ನು ಹೋಲುವ ಹಕ್ಕಿ) ಗರಿ ಹಾಕುತ್ತಾರೆ. ಇಲ್ಲಿ ಅದಕ್ಕೆ ಬದಲಿ ಏನು? ಹುಂಜದ ಕತ್ತಿನ ಗರಿ ಸುತ್ತಿದರೆ ನೀರಲ್ಲೂ ಮುಳ್ಳಿನ ಹಾಗೆ ನೆಟ್ಟಗೆ ನಿಲ್ಲುತ್ತೆ.

ಮಂಡ್ಯದವನು: ಹುಂಜದ್ದು ಬೇಡ ಸಾರ್. ಅದು ಗಡುಸು, ತೇಲುವ ಡ್ರೈ ಫ್ಲೈಗೆ ಸರಿ. ನಾಟಿ ಹೇಂಟೆಯ ಕಂದು ಮಚ್ಚೆಯ ಮೆತ್ತನೆ ಗರಿ ತಗೊಳ್ಳಿ, ಕೋಳಿ ಅಂಗಡಿಯಲ್ಲಿ ಕೇಳಿದರೆ ಸುಮ್ನೆ ಕೊಡುತ್ತಾರೆ, ಸೋಪಿನ ನೀರಲ್ಲಿ ತೊಳೆದು ಚೆನ್ನಾಗಿ ಒಣಗಿಸಿ. ಕಾಡಿನ ಗೌಜಲಹಕ್ಕಿ ಗರಿಗೆ ಮಾತ್ರ ಕೈ ಹಾಕಬೇಡಿ, ವನ್ಯಜೀವಿ ಕಾಯ್ದೆಯಲ್ಲಿ ಅದಕ್ಕೆ ರಕ್ಷಣೆ ಇದೆ. ಸುತ್ತು ಒಂದೂವರೆ, ಹೆಚ್ಚೆಂದರೆ ಎರಡು. ಜಾಸ್ತಿ ಸುತ್ತಿದರೆ ಗರಿಯ ಎಳೆಗಳು ಆಡುವುದೇ ಇಲ್ಲ, ಹುಳ ಜೀವಂತ ಇದೆ ಅಂತ ಮೀನಿಗೆ ಅನಿಸುವುದೇ ಆ ಅಲುಗಾಟದಿಂದ ಅಲ್ವಾ.

ರೇಷ್ಮೆ ದಾರ (ಇನ್ನೊಬ್ಬ ಸದಸ್ಯ): ಫ್ಲೈಯ ಮೈ ತೆಳ್ಳಗಿರಲಿ, ದಾರಕ್ಕೆ ಜೇನುಮೇಣ ಸವರಿ. ರೇಷ್ಮೆ ನೆನೆದರೆ ಬಣ್ಣ ಗಾಢವಾಗುತ್ತದೆ, ಅದಕ್ಕೇ ಒಂದು ತುಂಡು ಒದ್ದೆ ಮಾಡಿ ನೋಡಿಯೇ ಬಣ್ಣ ಆರಿಸಿ.

ಮೈಸೂರು ಗಾಳಗಾರ: ತುಂಬಾ ಥ್ಯಾಂಕ್ಸ್. ಶ್ರೀರಂಗಪಟ್ಟಣದ ಹತ್ತಿರ ಕಾವೇರಿಯಲ್ಲಿ ಮೊದಲು ಹಾಕಿ ನೋಡಬಹುದಾ?

ಮಂಡ್ಯದವನು: ಟ್ರೌಟ್‌ಗೆ ತಣ್ಣನೆ ನೀರೇ ಬೇಕು, ಅಲ್ಲಿ ಸಿಗಲ್ಲ. ಎಳೆ ಹೇಗೆ ಆಡುತ್ತೆ ಅಂತ ನೋಡಲು ಬಕೆಟ್ ನೀರಲ್ಲಿ ಎಳೆದರೆ ಸಾಕು. ರಂಗನತಿಟ್ಟು ಪಕ್ಷಿಧಾಮದ ಕಡೆಯಂತೂ ಗಾಳ ಹಾಕಲೇಬೇಡಿ. ನೀಲಗಿರಿಗೆ ಹೊರಡುವ ಮೊದಲು ತಮಿಳುನಾಡು ಮೀನುಗಾರಿಕೆ ಇಲಾಖೆಯಲ್ಲಿ ಅನುಮತಿ ವಿಚಾರಿಸಿ.