ಪದಚರ್ಚೆ: ‘ಕ್ಷಮೆ’ಯೋ ‘ಕ್ಷಮಾದಾನ’ವೋ? ನಾಳೆ ಬೆಳಿಗ್ಗೆಯೊಳಗೆ ಬೇಕು

ಗೆಳೆಯರೇ,

ಒಂದು ಪದ ತುರ್ತಾಗಿ ಬೇಕಾಗಿದೆ. ಗಾಂಧಿ ಜಯಂತಿಗೆ ನಮ್ಮ ಶಾಲೆಯಲ್ಲಿ ಅಹಿಂಸೆಯ ಬಗ್ಗೆ ಸಣ್ಣ ಪ್ರದರ್ಶನ ಇದೆ. ಹನ್ನೆರಡು ಬೋರ್ಡುಗಳು, ಅದರಲ್ಲಿ ಒಂದು ಆಮಿಷ್ ಜನರದ್ದು. ಅಮೆರಿಕದಲ್ಲಿ ಹಳೆಯ ರೀತಿಯಲ್ಲೇ ಬದುಕುವ, ಹಿಂಸೆ ಒಲ್ಲದ ಒಂದು ಕ್ರೈಸ್ತ ಪಂಥದವರು ಇವರು. ನಾಳೆ ಹತ್ತು ಗಂಟೆಗೆ ಫ್ಲೆಕ್ಸ್ ಅಂಗಡಿಗೆ ಫೈಲ್ ಕೊಡಬೇಕು.

ವಿಷಯ ಗೊತ್ತಿಲ್ಲದವರಿಗೆ: 2006ರ ಅಕ್ಟೋಬರ್ 2, ಅದೂ ಗಾಂಧಿ ಜಯಂತಿಯ ದಿನವೇ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ನಿಕಲ್ ಮೈನ್ಸ್ ಅಂತ ಒಂದು ಹಳ್ಳಿ. ಅಲ್ಲಿನ ಒಂದೇ ಕೋಣೆಯ ಶಾಲೆಗೆ ಒಬ್ಬ ಬಂದೂಕು ಹಿಡಿದು ನುಗ್ಗಿದ. ಅದೇ ಸೀಮೆಯಲ್ಲಿ ಹಾಲಿನ ಲಾರಿ ಓಡಿಸುತ್ತಿದ್ದವನು, ಆಮಿಷ್ ಅಲ್ಲ. ಗಂಡುಮಕ್ಕಳನ್ನು ಹೊರಗೆ ಕಳಿಸಿ ಹತ್ತು ಹೆಣ್ಣುಮಕ್ಕಳಿಗೆ ಗುಂಡು ಹೊಡೆದ. ಐವರು ತೀರಿಕೊಂಡರು. ಅವನೂ ಗುಂಡು ಹಾರಿಸಿಕೊಂಡು ಸತ್ತ. ಅಂದೇ ಸಂಜೆ ಆಮಿಷ್ ನೆರೆಹೊರೆಯವರು ಅವನ ಮನೆಯವರ ಹತ್ತಿರ ಹೋಗಿ ಸಮಾಧಾನ ಹೇಳಿದರು. ಅವನ ಮಣ್ಣಿಗೆ ಬಂದವರಲ್ಲಿ ಅರ್ಧಕ್ಕಿಂತ ಜಾಸ್ತಿ ಇವರೇ.

ನನ್ನ ಕರಡಿನ ತಲೆಬರಹ ‘ಆಮಿಷರ ಕ್ಷಮಾದಾನ’. ಕೆಳಗೆ ‘ಕೊಂದವನನ್ನು ಅವರು ಕ್ಷಮಿಸಿಬಿಟ್ಟರು’ ಅಂತ ವಾಕ್ಯ. ಎರಡೂ ಕಿವಿಗೆ ಸರಿ ಕೇಳುತ್ತಿಲ್ಲ. ಏನು ತಪ್ಪು ಅಂತ ಹೇಳಿ.

— ಸ., ಮೈಸೂರು

*

ಎರಡೂ ಬೇಡ. ‘ಮನ್ನಿಪು’ ಅಂತ ಹಾಕಿ. ಮನ್ನಿಸು ನಮ್ಮ ಮಣ್ಣಿನ ಮಾತು. ಕ್ಷಕಾರ ನಮ್ಮ ಮಕ್ಕಳ ನಾಲಗೆಗೆ ಯಾವತ್ತೂ ಒಗ್ಗಿಲ್ಲ. ಬೋರ್ಡ್ ಓದುವವರು ಶಾಲೆ ಮಕ್ಕಳು ತಾನೆ? ಅವರಿಗೆ ಕನ್ನಡವನ್ನೇ ಕೊಡಿ. ಇಷ್ಟಕ್ಕೆ ಚರ್ಚೆ ಯಾಕೆ?

— ಗು., ಬೆಂಗಳೂರು

*

ಗು. ಅವರೇ, ಮನ್ನಿಸು ಅಚ್ಚಗನ್ನಡ ಅಲ್ಲ. ಕನ್ಯೆ ಕನ್ನೆ ಆದ ಹಾಗೆ ಮಾನ್ಯದ ಕಡೆಯಿಂದ ಬಂದದ್ದು. ಹಳಗನ್ನಡದಲ್ಲಿ ಅದರ ಮೊದಲ ಅರ್ಥ ಗೌರವಿಸು. ಮನ್ನಣೆಯಲ್ಲಿ ಆ ಅರ್ಥ ಇವತ್ತಿಗೂ ಇದೆ. ಮಕ್ಕಳನ್ನು ಕೊಂದವನಿಗೆ ಈ ಪದ ಹಾಕುವ ಮುಂಚೆ ಯೋಚನೆ ಮಾಡಿ. ಮನ್ನಿಪು ಅಂತ ನಮ್ಮ ಕಡೆ ಒಬ್ಬರೂ ಅನ್ನುವುದಿಲ್ಲ. ‘ಮಾಫ್ ಮಾಡ್ರಿ’ ಅಂತಾರೆ. ಅದು ಅರಬ್ಬಿಯಿಂದ ಬಂದದ್ದು, ಆದರೂ ನಮ್ಮದೇ.

ಸ. ಅವರೇ, ‘ಕ್ಷಮಾದಾನ’ ತೆಗೆಯಿರಿ. ಅದು ಸಂವಿಧಾನದ 72ನೇ ವಿಧಿಯಲ್ಲಿ ರಾಷ್ಟ್ರಪತಿ ಕೊಡುವಂಥದ್ದು, ಶಿಕ್ಷೆಯಿಂದ ಬಿಡುಗಡೆ. ಇಲ್ಲಿ ಶಿಕ್ಷೆ ಕೊಡುವವರೂ ಇಲ್ಲ, ಅನುಭವಿಸುವವನೂ ಇಲ್ಲ. ಬರೀ ‘ಕ್ಷಮೆ’ ಸಾಕು. ಅದರ ಮೂಲದಲ್ಲಿ ಇರುವುದು ಸಹಿಸುವುದು, ತಾಳಿಕೊಳ್ಳುವುದು. ಭೂಮಿಗೂ ಕ್ಷಮೆ ಅಂತ ಹೆಸರಿದೆಯಲ್ಲ, ಅದಕ್ಕೇ.

— ವಿ., ಧಾರವಾಡ

*

ತದ್ಭವ ಆದಮೇಲೆ ಪದ ನಮ್ಮದಾಯಿತು. ಮನ್ನಿಸು ಎಂಬುದಕ್ಕೆ ಸಾವಿರ ವರ್ಷದ ಬಳಕೆ ಇದೆ. ನಿಮಗೆ ಸಂಸ್ಕೃತದ ಮೂಲ ತೋರಿಸುವುದೇ ಒಂದು ಚಟ.

— ಗು.

*

ಸ. ಅವರೇ, ನಾನು ಇರುವುದು ನಿಕಲ್ ಮೈನ್ಸ್ ಇರುವ ಲ್ಯಾಂಕಾಸ್ಟರ್ ಕೌಂಟಿಗೆ ಹತ್ತಿರ. ಇವರ ಅಂಗಡಿಯಿಂದಲೇ ತರಕಾರಿ ತರುತ್ತೇವೆ. ಮೂರು ಮಾತು.

ಮೊದಲನೆಯದು ಕಾಗುಣಿತ. ದಯವಿಟ್ಟು ‘ಷ’ ಬೇಡ. ಕನ್ನಡದಲ್ಲಿ ಆಮಿಷ ಅಂದರೆ ಆಸೆ ತೋರಿಸಿ ಬಲೆಗೆ ಬೀಳಿಸುವುದು. ಚುನಾವಣೆ ಸುದ್ದಿಯಲ್ಲಿ ದಿನಾ ಓದುತ್ತೇವಲ್ಲ. ‘ಆಮಿಷರ ಕ್ಷಮೆ’ ಅಂತ ಬೋರ್ಡ್ ಹಾಕಿದರೆ ಮಕ್ಕಳು ಏನು ಅಂದುಕೊಳ್ಳಬೇಕು? ಯಾಕೊಬ್ ಅಮ್ಮಾನ್ ಎಂಬ ಗುರುವಿನ ಹೆಸರಿಂದ ಬಂದ ಪದ ಅದು. ‘ಆಮಿಶ್’ ಅಂತ ಬರೆಯಿರಿ.

ಎರಡನೆಯದು, ಅವರ ಬಾಯಲ್ಲೇ ಈ ಪದ ಹೇಗಿದೆ ಎಂದು ನೋಡಬೇಕು. ಮನೆಯಲ್ಲಿ ಆಡುವುದು ಡೈಚ್, ಒಂದು ಬಗೆಯ ಜರ್ಮನ್. ಬೈಬಲ್ ಓದುವುದು ಲೂಥರ್‌ನ ಜರ್ಮನ್‌ನಲ್ಲಿ. ಅಲ್ಲಿ ಕ್ಷಮಿಸುವುದಕ್ಕೆ ‘ಫೆರ್ಗೇಬೆನ್’, ಒಳಗೆ ‘ಕೊಡು’ ಇದೆ. ಯೇಸು ಕಲಿಸಿದ ಪ್ರಾರ್ಥನೆಯಲ್ಲಿ ತಪ್ಪಿಗೆ ‘ಶುಲ್ಡ್’ ಅಂತಿದೆ. ಆ ಪದಕ್ಕೆ ಸಾಲ ಅನ್ನುವ ಅರ್ಥವೂ ಇದೆ. ಮೂಲ ಗ್ರೀಕಿನಲ್ಲಿ ಕ್ರಿಯಾಪದದ ಅರ್ಥ ‘ಬಿಟ್ಟುಬಿಡು’. ನಮಗೆ ತಪ್ಪು ಮಾಡಿದವರನ್ನು ನಾವು ಬಿಟ್ಟರೆ ಮಾತ್ರ ದೇವರು ನಮ್ಮನ್ನು ಬಿಡುತ್ತಾನೆ ಎಂದು ಅವರು ಈ ಪ್ರಾರ್ಥನೆಯನ್ನು ಅಕ್ಷರಶಃ ನಂಬುತ್ತಾರೆ. ಅದಕ್ಕೇ ಆ ಸಂಜೆ ಯಾರೂ ಸಭೆ ಸೇರಿ ತೀರ್ಮಾನ ಮಾಡಬೇಕಾಗಲಿಲ್ಲ.

ಅವರಲ್ಲಿ ಇನ್ನೊಂದು ದೊಡ್ಡ ಪದ ‘ಗೆಲಾಸನ್‌ಹೈಟ್’. ತನ್ನ ಹಟ ಬಿಟ್ಟು ದೇವರಿಗೂ ಸಮುದಾಯಕ್ಕೂ ಒಪ್ಪಿಸಿಕೊಳ್ಳುವುದು. ಇದಕ್ಕೆ ನಮ್ಮ ‘ಬಿಟ್ಟುಕೊಡು’ ಎಷ್ಟು ಚೆನ್ನಾಗಿ ಕೂರುತ್ತದೆ ನೋಡಿ. ಬಿಡುವುದೂ ಇದೆ, ಕೊಡುವುದೂ ಇದೆ.

ಮೂರನೆಯದೇ ಮುಖ್ಯ. ನಿಮ್ಮ ಕಿವಿಗೆ ಕೂರದೆ ಇರುವುದು ‘ಕ್ಷಮಿಸು’ ಅಲ್ಲ, ‘ಬಿಟ್ಟರು’. ‘ಕ್ಷಮಿಸಿಬಿಟ್ಟರು’ ಅಂದರೆ ಕೆಲಸ ಮುಗಿಯಿತು, ಕೈ ತೊಳೆದುಕೊಂಡರು ಅಂತಾಗುತ್ತದೆ. ಆ ತಂದೆತಾಯಿಯರು ಹೇಳಿದ್ದು ಹಾಗಲ್ಲ. ಕೋಪ ಮತ್ತೆ ಮತ್ತೆ ಬರುತ್ತದೆ, ಪ್ರತಿದಿನವೂ ಹೊಸದಾಗಿ ಕ್ಷಮಿಸಬೇಕಾಗುತ್ತದೆ ಅಂದರು. ಹತ್ತು ದಿನಕ್ಕೆ ಆ ಶಾಲೆಯನ್ನು ಕೆಡವಿ ಹುಲ್ಲುಗಾವಲು ಮಾಡಿದರು. 2007ರ ಏಪ್ರಿಲ್‌ನಲ್ಲಿ ಹತ್ತಿರದಲ್ಲೇ ಹೊಸ ಶಾಲೆ ಶುರುವಾಯಿತು. ಬದುಕುಳಿದ ಐವರಲ್ಲಿ ಒಂದು ಮಗು ನಡೆಯಲೂ ಆಗದೆ, ಮಾತೂ ಬಾರದೆ ಉಳಿಯಿತು. ಕೊಂದವನ ತಾಯಿ ವರ್ಷಗಟ್ಟಲೆ ವಾರಕ್ಕೊಮ್ಮೆ ಆ ಮಗುವಿನ ಮನೆಗೆ ಹೋಗಿ ಸ್ನಾನ ಮಾಡಿಸಿ, ಕಥೆ ಓದುತ್ತಿದ್ದರು. ಆ ಮನೆಯವರು ವಾರವಾರವೂ ಬಾಗಿಲು ತೆರೆದರಲ್ಲ, ಅದಕ್ಕೆ ‘ಬಿಟ್ಟರು’ ಅನ್ನೋಕಾಗುತ್ತಾ?

— ಪ., ಪೆನ್ಸಿಲ್ವೇನಿಯಾ

*

ಕನ್ನಡದ ಪದ ಕೇಳಿದರೆ ಜರ್ಮನ್, ಗ್ರೀಕ್ ಪಾಠ. ತಮ್ಮತನ ಉಳಿಸಿಕೊಂಡ ಜನರ ಬಗ್ಗೆ ಬರೆಯುವಾಗಲಾದರೂ ನಾವು ನಮ್ಮತನ ಉಳಿಸಿಕೊಳ್ಳಬಾರದಾ? ಅವರು ಕರೆಂಟ್ ಲೈನನ್ನೇ ಮನೆಗೆ ಎಳೆಸಿಕೊಂಡಿಲ್ಲ. ನಾವು ಪಕ್ಕದ ಮನೆಯ ಪದಗಳನ್ನೆಲ್ಲ ಒಳಗೆ ಬಿಟ್ಟುಕೊಂಡಿದ್ದೇವೆ.

— ಗು.

*

ಅವರ ಡೈಚ್ ತುಂಬಾ ಇಂಗ್ಲಿಷ್ ಪದಗಳಿವೆ ಗು. ಅವರೇ. ಬೇಕಾದ್ದನ್ನು ಸುಮ್ಮನೆ ತೆಗೆದುಕೊಳ್ಳುತ್ತಾರೆ. ಆದರೂ ಮುನ್ನೂರು ವರ್ಷದಿಂದ ಆ ಭಾಷೆ ಮಕ್ಕಳ ಬಾಯಲ್ಲಿದೆ. ಪದ ತಡೆದು ಉಳಿಸಿದ್ದಲ್ಲ, ಮನೆಯಲ್ಲಿ ಆಡಿ ಉಳಿಸಿದ್ದು.

— ಪ.

*

ಅಪ್ರಸ್ತುತ.

— ಗು.

*

‘ಬಿಟ್ಟುಕೊಡು’ ತಲೆಬರಹಕ್ಕೆ ಬೇಡ. ‘ನಮ್ಮವರನ್ನು ಬಿಟ್ಟುಕೊಡಬೇಡ’ ಅಂದರೆ ಕೈಬಿಡಬೇಡ ಅಂತ. ಓದಿದವರು ಸತ್ತ ಮಕ್ಕಳನ್ನೇ ಬಿಟ್ಟುಕೊಟ್ಟರು ಅಂದುಕೊಂಡಾರು. ‘ಬಿಟ್ಟರು’ ಬಗ್ಗೆ ಪ. ಹೇಳಿದ್ದು ಸರಿ. ನನಗೆ ಹೊಳೆದಿರಲಿಲ್ಲ.

— ವಿ.

*

ನಮಸ್ಕಾರ. ನಾನು ಇಲ್ಲಿ ಬರೆಯುವುದು ಕಡಿಮೆ. ಒಂದು ಮಾತು ಹೇಳಬೇಕು ಅನ್ನಿಸಿತು.

ನಮ್ಮ ತಂದೆ ತೋಟದಿಂದ ಬರುವಾಗ ಊರ ಹುಡುಗನೊಬ್ಬ ಬೈಕ್ ಗುದ್ದಿಸಿದ. ಎರಡು ದಿನಕ್ಕೆ ಅಪ್ಪ ಹೋದರು. ವೈಕುಂಠ ಸಮಾರಾಧನೆಯ ದಿನ ಅವನು ಬಂದು ಬಾಗಿಲಾಚೆ ನಿಂತ. ಒಳಗೆ ಬರಲಿಲ್ಲ, ಹೋಗಲೂ ಇಲ್ಲ. ನಮ್ಮ ಚಿಕ್ಕಪ್ಪ ಎದ್ದು ಹೊರಟರು. ಅಮ್ಮ ಅವರ ತೋಳು ಹಿಡಿದು ನಿಲ್ಲಿಸಿ, ಆ ಹುಡುಗನಿಗೆ ‘ಬಾ, ಎಲೆ ಹಾಕಿದೆ’ ಅಂದರು. ಅಷ್ಟೇ. ತಾವು ಬಡಿಸಲಿಲ್ಲ. ಅವನ ಎಲೆಗೆ ನಮ್ಮ ಅತ್ತೆ ಬಡಿಸಿದರು. ಅವನು ಅನ್ನ ಕಲಸಿದ, ತಿನ್ನೋಕಾಗಲಿಲ್ಲ.

ಊರವರು ‘ನಿಮ್ಮಮ್ಮ ಹೊಟ್ಟೆಗೆ ಹಾಕಿಕೊಂಡರಪ್ಪ’ ಅಂದರು. ಕ್ಷಮೆ ಅನ್ನುವ ಪದ ಯಾರ ಬಾಯಲ್ಲೂ ಬರಲಿಲ್ಲ. ಆಮೇಲೂ ರಸ್ತೆಯಲ್ಲಿ ಬೈಕ್ ಸದ್ದು ಕೇಳಿದರೆ ಅಮ್ಮ ಮಾಡುತ್ತಿದ್ದ ಕೆಲಸ ನಿಲ್ಲಿಸಿ ಸುಮ್ಮನೆ ಕೂತುಬಿಡುತ್ತಿದ್ದರು. ಹೊಟ್ಟೆಗೆ ಹಾಕಿಕೊಂಡದ್ದು ಹೊಟ್ಟೆಯಲ್ಲೇ ಇತ್ತು. ನಿಮ್ಮ ಬೋರ್ಡಿಗೆ ಈ ಮಾತು ಸರಿಹೋಗುತ್ತದಾ ನೋಡಿ.

— ಲ., ಹಾಸನ ಜಿಲ್ಲೆ

*

ಲ. ಅವರೇ, ಓದಿ ಸ್ವಲ್ಪ ಹೊತ್ತು ಏನೂ ಬರೆಯಲು ಆಗಲಿಲ್ಲ. ಅರ್ಥದ ಮಟ್ಟಿಗೆ ಇಷ್ಟು ಹತ್ತಿರದ ಮಾತು ಈ ಚರ್ಚೆಯಲ್ಲಿ ಬಂದಿಲ್ಲ. ಆದರೆ ಲೋಪದೋಷ ಇದ್ದರೆ ಹೊಟ್ಟೆಗೆ ಹಾಕಿಕೊಳ್ಳಿ ಅಂತ ನಾವು ಸಮಾರಂಭದ ವಂದನಾರ್ಪಣೆಯಲ್ಲೂ ಅನ್ನುತ್ತೇವೆ. ಐದು ಮಕ್ಕಳ ಸಾವಿನ ಮೇಲೆ ದೊಡ್ಡಕ್ಷರದಲ್ಲಿ ಬರೆದರೆ ಹಗುರ ಕಂಡೀತು. ಒಳಗಿನ ವಾಕ್ಯಕ್ಕೆ ಇರಲಿ.

— ವಿ.

*

ವಿ. ಸರ್ ಮಾತಿಗೆ ನನ್ನ ಒಪ್ಪಿಗೆ ಇದೆ. ಇನ್ನೊಂದು ಎಚ್ಚರಿಕೆಯನ್ನೂ ಹೇಳುತ್ತೇನೆ. ಬೋರ್ಡಿನ ಕೊನೆಗೆ ‘ನಾವೂ ಹೀಗೆ ಕ್ಷಮಿಸೋಣ’ ಅಂತ ಏನಾದರೂ ಇದ್ದರೆ ತೆಗೆಯಿರಿ.

ಇವರು ಇದನ್ನು ಒಂದು ದಿನದಲ್ಲಿ ಕಲಿತವರಲ್ಲ. 1569ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಇವರ ಪಂಥದ ಪೂರ್ವಿಕ ಡಿರ್ಕ್ ವಿಲೆಮ್ಸ್ ಸೆರೆಯಿಂದ ತಪ್ಪಿಸಿಕೊಂಡು ಹೆಪ್ಪುಗಟ್ಟಿದ ಕೆರೆ ದಾಟಿದ. ಬೆನ್ನಟ್ಟಿದವನ ಕಾಲಡಿ ಮಂಜುಗಡ್ಡೆ ಒಡೆಯಿತು. ಡಿರ್ಕ್ ತಿರುಗಿ ಬಂದು ಅವನನ್ನು ಮೇಲೆತ್ತಿದ. ಆಮೇಲೆ ಸಿಕ್ಕಿಬಿದ್ದು ಸುಟ್ಟುಹಾಕಿಸಿಕೊಂಡ. ಈ ಕಥೆ ಕೇಳಿಕೊಂಡೇ ಇಲ್ಲಿನ ಮಕ್ಕಳು ಬೆಳೆಯುತ್ತಾರೆ. ಮಗು ಸತ್ತ ಮನೆಗೆ ಊರೇ ಬಂದು ಹಾಲು ಕರೆಯುತ್ತದೆ, ಅಡುಗೆ ಮಾಡುತ್ತದೆ. ಒಬ್ಬಳೇ ತಾಯಿ ಒಂದು ಬಾಡಿಗೆ ಮನೆಯಲ್ಲಿ ಕೂತು ಇದನ್ನು ಮಾಡಬೇಕು ಅನ್ನುವುದು ನ್ಯಾಯ ಅಲ್ಲ.

ಇದರ ಇನ್ನೊಂದು ಮುಖವೂ ಇದೆ. ಸಮುದಾಯದ ಒಳಗೇ ಹೆಣ್ಣುಮಕ್ಕಳ ಮೇಲೆ ದೌರ್ಜನ್ಯ ಆದಾಗ, ತಪ್ಪು ಮಾಡಿದವನು ಸಭೆಯಲ್ಲಿ ಒಪ್ಪಿಕೊಂಡು ಕೆಲವು ವಾರ ಬಹಿಷ್ಕಾರ ಅನುಭವಿಸಿದರೆ ಮುಗಿಯಿತು, ನೊಂದವಳೂ ಕ್ಷಮಿಸಲೇಬೇಕು ಎಂದು ಒತ್ತಾಯ ಮಾಡಿದ್ದುಂಟು. ಅದನ್ನು ಅಲ್ಲಿನ ಹೆಣ್ಣುಮಕ್ಕಳೇ ಹೇಳಿಕೊಂಡಿದ್ದಾರೆ. ‘ಕ್ಷಮಿಸು’ ವಿಧಿರೂಪಕ್ಕೆ ಬಂದ ಕೂಡಲೇ ಪದ ಕೆಡುತ್ತದೆ. ಭೂತಕಾಲದಲ್ಲಿ, ಮಾಡಿದವರ ಹೆಸರಲ್ಲೇ ಇರಲಿ.

— ಪ.

*

ವಿಧಿರೂಪ ಬೇಡ ಅನ್ನುವುದು ಸರಿ. ಮನ್ನಿಪು ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ಲ. ಅವರ ‘ಹೊಟ್ಟೆಗೆ ಹಾಕಿಕೊಳ್ಳು’ ಎರಡು ಪದವೂ ಅಚ್ಚಗನ್ನಡ. ಅದನ್ನು ಒಳಗಾದರೂ ಇಡಿ.

— ಗು.

*

ಎಲ್ಲರಿಗೂ ಋಣಿ. ಹೀಗೆ ಮಾಡಿದ್ದೇನೆ. ತಲೆಬರಹ ‘ಕ್ಷಮೆ’. ಕೆಳಗೆ:

‘ಅಂದು ಸಂಜೆಯೇ ಅವರು ಕೊಂದವನ ಮನೆಗೆ ಹೋದರು. ಮುಯ್ಯಿ ತೀರಿಸಲು ಅಲ್ಲ, ಅಳುವವರ ಜೊತೆ ಕೂರಲು. ಆದ ಅನ್ಯಾಯವನ್ನು ಮರೆಯಲಿಲ್ಲ, ಹೊಟ್ಟೆಗೆ ಹಾಕಿಕೊಂಡರು. ಮರುದಿನ ಮತ್ತೆ ಕೋಪ ಬಂತು. ಮತ್ತೆ ಕ್ಷಮಿಸಿದರು.’

‘ನಾವೂ’ ಅಂತ ಶುರುವಾಗುವ ಸಾಲು ನಿಜಕ್ಕೂ ಇತ್ತು, ತೆಗೆದೆ. ಲ. ಅವರೇ, ನಿಮ್ಮ ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ.

— ಸ.

*

ಚೆನ್ನಾಗಿದೆ. ಬೋರ್ಡಿನಲ್ಲಿ ‘ಆಮಿಶ್’ಗೆ ‘ಶ’ ಹಾಕಿದ್ದೀರಿ ತಾನೆ? ಫ್ಲೆಕ್ಸ್ ಅಂಗಡಿಯವರು ತಾವೇ ತಿದ್ದಿ ‘ಷ’ ಮಾಡಿಬಿಡುತ್ತಾರೆ. ಪ್ರಿಂಟ್‌ಗೆ ಬಿಡುವ ಮುಂಚೆ ಎದುರಿಗೆ ನಿಂತು ನೋಡಿ.

— ಪ.