ಪ್ರೊಟೀನಿನ ಹರಳು ಸಿಕ್ಕರೆ ಮದ್ದು ಸಿಕ್ಕ ಹಾಗಾ?

ಕಟ್ಟೆಪುರಾಣ:
ಮೊನ್ನೆ ಒಂದು ಉಪನ್ಯಾಸಕ್ಕೆ ಹೋಗಿದ್ದೆ. ಪರಾವಲಂಬಿಯ ಪ್ರೊಟೀನನ್ನು ಹರಳಾಗಿ ಬೆಳೆಸಿ, ಎಕ್ಸ್‌-ರೇ ಹಾಯಿಸಿ ಆಕಾರ ತಿಳಿದರೆ ಅರ್ಧ ಮದ್ದು ಸಿಕ್ಕ ಹಾಗೆ ಅಂದರು. ನನಗೆ ನಂಬಿಕೆ ಬರಲಿಲ್ಲ. ಶಾಗಸ್ ಕಾಯಿಲೆಯನ್ನೇ ನೋಡಿ. ಲ್ಯಾಟಿನ್ ಅಮೆರಿಕದ ಬಡವರ ಮನೆಗಳಲ್ಲಿ ತಿಗಣೆ ಜಾತಿಯ ಹುಳದಿಂದ ಹರಡುತ್ತದೆ, ವರ್ಷಗಳಾದ ಮೇಲೆ ಹೃದಯ ಕೆಡಿಸುತ್ತದೆ. ಅದನ್ನು ತರುವ ಪರಾವಲಂಬಿಯ ಸಿವೈಪಿ51 ಅನ್ನುವ ಕಿಣ್ವದೊಳಗೆ ಪೊಸಕೊನಜೋಲ್ ಅನ್ನುವ ಮದ್ದು ಹೇಗೆ ಕೂರುತ್ತದೆ ಅಂತ 2010ರಲ್ಲೇ ಚಿತ್ರ ಬಂದಿತ್ತು. ಸ್ಪೇನಿನಲ್ಲಿ ರೋಗಿಗಳಿಗೆ ಕೊಟ್ಟು ನೋಡಿದ ಫಲಿತಾಂಶ 2014ರಲ್ಲಿ ಬಂತು: ಹತ್ತಕ್ಕೆ ಎಂಟೊಂಬತ್ತು ಜನರಲ್ಲಿ ಮದ್ದು ಸೋತಿತು. ಹಳೇ ಮದ್ದು ಬೆಂಜ್ನಿಡಜೋಲೇ ವಾಸಿ!

ಹರಳುಗಣ್ಣ:
ಸಾರ್, ಪೊಸಕೊನಜೋಲ್ ಹರಳು ನೋಡಿ ಮಾಡಿದ ಮದ್ದೇ ಅಲ್ಲ, ಫಂಗಸ್ ಸೋಂಕಿಗೆ ಅಂತ ಮೊದಲೇ ಇತ್ತು. ಅದು ಕಿಣ್ವಕ್ಕೆ ಗಟ್ಟಿಯಾಗಿ ಅಂಟುತ್ತದೆ ಅಂತ ಚಿತ್ರ ಹೇಳಿತು, ಅದು ನಿಜವೇ. ಆದರೆ ಆ ಕಿಣ್ವ ನಿಂತರೆ ಮೈಯಲ್ಲಿ ಅಡಗಿ ಕೂತ ಪರಾವಲಂಬಿಗಳೆಲ್ಲ ಸಾಯುತ್ತವಾ? ಅದನ್ನು ಹರಳಿಗೆ ಕೇಳಿದರೆ ಅದೇನು ಹೇಳೀತು? ಅಂದಹಾಗೆ ನಾನು ಒಂದು ಪ್ರೊಟೀನು ಹರಳಾಗಲಿ ಅಂತ ಅದರ ದ್ರಾವಣದ ಹನಿ ಹಾಕಿ ಹನ್ನೊಂದು ತಿಂಗಳು ಕಾದಿದ್ದೇನೆ. ಕೊನೆಗೆ ಬಂದಿದ್ದು ಉಪ್ಪಿನ ಹರಳು.

ಡಾಕ್ಟ್ರಮ್ಮ:
ಆಫ್ರಿಕಾದ ನಿದ್ರೆ ಕಾಯಿಲೆಗೆ ಮೊದಲು ಕೊಡುತ್ತಿದ್ದ ಮೆಲಾರ್ಸೊಪ್ರೋಲ್ ಆರ್ಸೆನಿಕ್ ಮದ್ದು. ಇಪ್ಪತ್ತರಲ್ಲಿ ಒಬ್ಬರನ್ನು ಮದ್ದೇ ಕೊಲ್ಲುತ್ತಿತ್ತು. ಈಗ ಫೆಕ್ಸಿನಿಡಜೋಲ್ ಮಾತ್ರೆ ಇದೆ, ಯುರೋಪಿನ ಔಷಧ ಸಂಸ್ಥೆ 2018ರಲ್ಲಿ ಸೈ ಅಂದಿತು. ಯಾರೂ ಗಮನಿಸದ ಕಾಯಿಲೆಗಳಿಗೆ ಮದ್ದು ಹುಡುಕುವ ಲಾಭರಹಿತ ಸಂಸ್ಥೆ ಡಿಎನ್‌ಡಿಐನವರು ಅದನ್ನು ಹೆಕ್ಕಿದ್ದು ಎಂಬತ್ತರ ದಶಕದಲ್ಲಿ ಕಂಪನಿಯೊಂದು ಕೈಬಿಟ್ಟಿದ್ದ ಹಳೇ ಸಂಯುಕ್ತಗಳಿಂದ. ಇನ್ನು ಪ್ರಾಜಿಕ್ವಾಂಟೆಲ್! ಎಪ್ಪತ್ತರ ದಶಕದ ಹುಳದ ಮಾತ್ರೆ, ಅದು ಹುಳದ ಯಾವ ಪ್ರೊಟೀನನ್ನು ಹಿಡಿಯುತ್ತದೆ ಅಂತ ತಿಳಿದಿದ್ದು 2019ರಲ್ಲಿ.

ಕಟ್ಟೆಪುರಾಣ:
ನೋಡಿ, ಮೇಡಂ ನನ್ನ ಕಡೆ. ಅಲ್ಲದೆ ಈಗ ಆಲ್ಫಾಫೋಲ್ಡ್ ಅನ್ನುವ ಎಐ ಕಂಪ್ಯೂಟರಲ್ಲೇ ಆಕಾರ ಹೇಳಿಬಿಡುತ್ತದೆ, ಹರಳು ಯಾಕೆ ಸುಮ್ನೆ?

ಡಾಕ್ಟ್ರಮ್ಮ:
ನಾನು ಯಾರ ಕಡೆಯೂ ಇಲ್ಲಪ್ಪ.

ಹರಳುಗಣ್ಣ:
ಆಲ್ಫಾಫೋಲ್ಡ್ ನಾನೂ ದಿನಾ ಬಳಸುತ್ತೇನೆ. ಆದರೆ ಸಂಯುಕ್ತ ಒಳಗೆ ಹೋದಾಗ ಪ್ರೊಟೀನು ಎಷ್ಟು ಸರಿದು ಜಾಗ ಬಿಡುತ್ತದೆ ಅನ್ನುವುದು ಬೇಕಲ್ವಾ, ಅಲ್ಲಿ ಅದು ಆಗಾಗ ಎಡವುತ್ತದೆ. ಕಾಲಾ ಅಜಾರ್ ತಗೊಳ್ಳಿ, ಅದೂ ಪರಾವಲಂಬಿಯಿಂದಲೇ ಬರುವ ಜ್ವರ. ಪ್ರೋಟಿಯಾಸೋಮ್ ಅನ್ನುವ ಪ್ರೊಟೀನು ಕತ್ತರಿಸುವ ಯಂತ್ರ ನಮಗೂ ಇದೆ, ಆ ಪರಾವಲಂಬಿಗೂ ಇದೆ. ಅದರದ್ದನ್ನು ಮಾತ್ರ ನಿಲ್ಲಿಸುವ ಸಂಯುಕ್ತ 2016ರಲ್ಲಿ ಹೊರಬಂತು. ಸಿಕ್ಕಿದ್ದು ರಚನೆಯಿಂದಲ್ಲ, ಒಪ್ಪುತ್ತೇನೆ. ಸುಮಾರು 30 ಲಕ್ಷ ಸಂಯುಕ್ತಗಳನ್ನು ಪರಾವಲಂಬಿಗಳ ಮೇಲೇ ಹಾಕಿ ನೋಡಿದ್ದರು. ಆದರೆ ನಮ್ಮದನ್ನು ಯಾಕೆ ಮುಟ್ಟುವುದಿಲ್ಲ ಅನ್ನುವುದು ಕಣ್ಣಿಗೆ ಕಂಡಿದ್ದು 2019ರಲ್ಲಿ, ಅದೇ ಯಂತ್ರವನ್ನು ಹಿಡಿಯುವ ಇನ್ನೊಂದು ಸಂಯುಕ್ತದ ಚಿತ್ರ ಬಂದಾಗ. ಅದು ಕೂತಿದ್ದ ಸಂದಿ ಮನುಷ್ಯರಲ್ಲಿ ಬೇರೆ ಥರ ಇದೆ. ಮುಂದಿನ ಅಣುವಿಗೆ ಎಲ್ಲಿ ಏನು ಸೇರಿಸಬೇಕು ಅಂತ ಕೆಮಿಸ್ಟ್ ಇದನ್ನು ನೋಡಿಯೇ ಯೋಚಿಸುವುದು.

ಡಾಕ್ಟ್ರಮ್ಮ:
ಆ 2019ರ ಚಿತ್ರ ಹರಳಿನದ್ದಲ್ಲ, ಕ್ರಯೋ-ಇಎಂನದ್ದು, ಅಂದರೆ ಪ್ರೊಟೀನನ್ನು ಹೆಪ್ಪುಗಟ್ಟಿಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ತೆಗೆದದ್ದು. ಅಲ್ಲಿ ಹರಳೇ ಬೇಕಿಲ್ಲ!

ಹರಳುಗಣ್ಣ:
ಸಿಕ್ಕಿಬಿದ್ದೆ ಮೇಡಂ.

ಕಟ್ಟೆಪುರಾಣ:
ಹೋಗಲಿ ಬಿಡಿ. ನಿಮ್ಮ ಹನ್ನೊಂದು ತಿಂಗಳ ಹರಳು ಉಪ್ಪು ಅಂತ ಹೇಗೆ ಗೊತ್ತಾಯ್ತು?

ಹರಳುಗಣ್ಣ:
ಸೂಜಿಯಲ್ಲಿ ಚುಚ್ಚಿದೆ ಸಾರ್. ಪ್ರೊಟೀನಾಗಿದ್ದರೆ ಪುಡಿಯಾಗಬೇಕಿತ್ತು. ಸೂಜಿಯೇ ಬಾಗಿತು.