ಎಪ್ರಿಲ್ ಸೆಕೆಯಲ್ಲಿ ಓವರ್‌ಕ್ಲಾಕ್: ದಿನಾ ಸಂಜೆ ಪಿಸಿ ರೀಸ್ಟಾರ್ಟ್ ಆಗ್ತಿದೆ, ಎಂತ ಮಾಡುವುದು?

ಪೆರ್ಲ_ಪಿಂಗ್

ಎಲ್ಲರಿಗೂ ನಮಸ್ಕಾರ. ಮನೆ ಕಾಸರಗೋಡಿನ ಪೆರ್ಲದ ಹತ್ತಿರ. ಪಿಸಿಗೆ ಎರಡು ವರ್ಷ ಆಯ್ತು. ಸಿಪಿಯು ರೈಜನ್ 5 5600, ಡಬ್ಬಿಯಲ್ಲಿ ಬಂದ ಕೂಲರೇ, ಬಿ450 ಬೋರ್ಡು, 8+8 ಜಿಬಿ ರ‍್ಯಾಮ್, ಗ್ರಾಫಿಕ್ಸ್ ಕಾರ್ಡು ಆರ್‌ಟಿಎಕ್ಸ್ 3060, 550 ವ್ಯಾಟಿನ ಪವರ್ ಸಪ್ಲೈ. ಪವರ್ ಸಪ್ಲೈ ಸ್ವಲ್ಪ ಅಗ್ಗದ್ದು, ಬೈಬೇಡಿ.

ಒಂದು ವಿಡಿಯೊ ನೋಡಿ ಓವರ್‌ಕ್ಲಾಕ್ ಮಾಡಲು, ಅಂದರೆ ಚಿಪ್ಪನ್ನು ಕಂಪೆನಿ ಇಟ್ಟ ವೇಗಕ್ಕಿಂತ ಜಾಸ್ತಿ ಓಡಿಸಲು, ಬಯೋಸ್‌ನಲ್ಲಿ ಎಲ್ಲಾ ಕೋರಿಗೂ 4.6 ಗಿಗಾಹರ್ಟ್ಸ್, 1.4 ವೋಲ್ಟ್ ಹಾಕಿದೆ. ಕಾರ್ಡಿಗೆ ಆಫ್ಟರ್‌ಬರ್ನರ್ ಸಾಫ್ಟ್‌ವೇರಿನಲ್ಲಿ ಕೋರ್ +150, ಮೆಮೊರಿ +800. ಮಧ್ಯಾಹ್ನ ಎರಡು ಗಂಟೆ ಕಾಲ ವ್ಯಾಲರಂಟ್ ಆಡಿದರೂ ಏನೂ ಆಗುವುದಿಲ್ಲ, ಆದರೆ ಸಂಜೆ ಆರೂವರೆ ಹೊತ್ತಿಗೆ ಸ್ಕ್ರೀನ್ ಕಪ್ಪಾಗಿ ತಾನಾಗಿಯೇ ರೀಸ್ಟಾರ್ಟ್. ಮೂರು ದಿನದಿಂದ ಇದೇ ರಗಳೆ. ಸಿಪಿಯುವನ್ನು ದುಡಿಸಿ ನೋಡುವ ಸಿನಿಬೆಂಚ್ ಹಾಕಿದರೆ ಸಿಪಿಯು 95 ಡಿಗ್ರಿ ದಾಟುತ್ತದೆ. ವೋಲ್ಟೇಜ್ ಇನ್ನೂ ಸ್ವಲ್ಪ ಏರಿಸಿದರೆ ನಿಲ್ಲುತ್ತದಾ?

ಸೆಕೆ_ಸುಬ್ಬ

ಏರಿಸಬೇಡ ಮಾರಾಯ, ಮೊದಲು ಇಳಿಸು! 5600ಕ್ಕೆ ಎಎಂಡಿ ಹೇಳುವ ಗರಿಷ್ಠವೇ 90 ಡಿಗ್ರಿ. ಬಯೋಸ್‌ಗೆ ಹೋಗಿ ಡೀಫಾಲ್ಟ್ ಲೋಡ್ ಮಾಡಿ ಬಾ, ಆಮೇಲೆ ಉಳಿದದ್ದು ಓದು.

ಆ ವಿಡಿಯೊದವನ ರೂಮಿನಲ್ಲಿ ಎಸಿ ಇರುತ್ತದೆ, 22 ಡಿಗ್ರಿ. ನಿನ್ನ ರೂಮಿನಲ್ಲಿ ಈಗ 34 ಇರಬಹುದು. ಕೂಲರ್ ಮಾಡುವುದು ಇಷ್ಟೇ, ರೂಮಿನ ಗಾಳಿಗಿಂತ ಚಿಪ್ಪು ಎಷ್ಟು ಬಿಸಿ ಇರಬೇಕು ಅನ್ನುವುದನ್ನು ಹಿಡಿದಿಡುವುದು. ಅವನಿಗೆ 80 ಬಂದರೆ ಅದೇ ಸೆಟ್ಟಿಂಗಿಗೆ ನಿನಗೆ 92. ಇದರಲ್ಲಿ ನಿನ್ನ ತಪ್ಪೂ ಇಲ್ಲ, ಚಿಪ್ಪಿನ ತಪ್ಪೂ ಇಲ್ಲ.

ಇನ್ನು ಲೆಕ್ಕ ನೋಡು. ಚಿಪ್ಪು ತಿನ್ನುವ ಕರೆಂಟು ವೇಗದ ಜೊತೆ ನೇರವಾಗಿ ಏರುತ್ತದೆ, ವೋಲ್ಟೇಜಿನ ಜೊತೆ ವರ್ಗದ ಲೆಕ್ಕದಲ್ಲಿ. ಮೊದಲು 1.2 ವೋಲ್ಟಿನಲ್ಲಿ 4.4 ಓಡುತ್ತಿತ್ತು ಅಂತ ಇಟ್ಟುಕೋ. 1.4 ಕೊಟ್ಟು 4.6 ಮಾಡಿದರೆ ಬಿಸಿ 40 ಶೇಕಡಾದಷ್ಟು ಜಾಸ್ತಿ. ವೇಗ ಎಷ್ಟು ಜಾಸ್ತಿ? 5 ಶೇಕಡಾವೂ ಇಲ್ಲ. ಅದಕ್ಕೆ ರೈಜನ್‌ನಲ್ಲಿ ಹೀಗೆ ಎಲ್ಲಾ ಕೋರಿಗೂ ಒಂದೇ ವೇಗ ಕಟ್ಟಿಹಾಕುವುದು ನನಗೆ ಹಿಡಿಸುವುದಿಲ್ಲ. ಬಯೋಸ್‌ನಲ್ಲಿ ಪಿಬಿಒ (ಎಎಂಡಿಯದ್ದೇ ಬೂಸ್ಟ್ ಹೆಚ್ಚಿಸುವ ವ್ಯವಸ್ಥೆ) ಒಳಗೆ ಕರ್ವ್ ಆಪ್ಟಿಮೈಸರ್ ಅಂತ ಕೋರಿನ ವೋಲ್ಟೇಜ್ ಇಳಿಸುವ ಸೆಟ್ಟಿಂಗ್ ಉಂಟು, ಬೋರ್ಡಿನ ಬಯೋಸ್ ಹಳೆಯದಾದರೆ ಕಾಣಿಸದು, ಅಪ್‌ಡೇಟ್ ಮಾಡಬೇಕಾದೀತು. ಅದರಲ್ಲಿ ಎಲ್ಲಾ ಕೋರಿಗೂ ನೆಗೆಟಿವ್ 10 ಹಾಕು. ಒಂದೊಂದು ಅಂಕೆಗೆ 3ರಿಂದ 5 ಮಿಲಿವೋಲ್ಟಿನಷ್ಟು ಕಡಿಮೆಯಾಗುತ್ತದೆ. ಚಿಪ್ಪು ತಂಪಾದಷ್ಟೂ ತಾನಾಗಿಯೇ ಬೂಸ್ಟ್ ಹೆಚ್ಚು ಹೊತ್ತು ಹಿಡಿದುಕೊಳ್ಳುತ್ತದೆ. ಸರಿ ನಿಂತರೆ 15, ಆಮೇಲೆ 20. ಪರೀಕ್ಷೆಗೆ, ಒಂದೊಂದೇ ಕೋರನ್ನು ದುಡಿಸಿ ನೋಡುವ ಕೋರ್‌ಸೈಕ್ಲರ್ ಹಾಕಿ ರಾತ್ರಿಯಿಡೀ ಬಿಡು. ಕರ್ವಿನ ತೊಂದರೆ ಎಲ್ಲಾ ಕೋರೂ ದುಡಿಯುವಾಗ ಕಾಣುವುದು ಕಡಿಮೆ, ಒಂದೇ ಕೋರು ಓಡುವಾಗಲೇ ಜಾಸ್ತಿ. ಸಿನಿಬೆಂಚ್ ಹತ್ತು ನಿಮಿಷ ಓಡಿತು, ಎಲ್ಲಾ ಸರಿ ಅಂತ ನಂಬಿ ನಾನೇ ಒಮ್ಮೆ ಕೆಟ್ಟಿದ್ದೇನೆ.

ಪಿಬಿಒ ಆದರೂ ವಾರಂಟಿಯ ಲೆಕ್ಕದಲ್ಲಿ ಓವರ್‌ಕ್ಲಾಕೇ. ಅದು ಗೊತ್ತಿರಲಿ.

ಪೆರ್ಲ_ಪಿಂಗ್

ಡೀಫಾಲ್ಟ್ ಮಾಡಿದೆ ಅಣ್ಣ, ಕಾರ್ಡಿನದ್ದೂ ರೀಸೆಟ್. ಸಿನಿಬೆಂಚ್‌ನಲ್ಲಿ ಈಗ 79. ಆದರೆ ಇವತ್ತೂ ಸಂಜೆ 6.35ಕ್ಕೆ ರೀಸ್ಟಾರ್ಟ್ ಆಯ್ತು! ಓವರ್‌ಕ್ಲಾಕ್ ಏನೂ ಇಲ್ಲದೆ. ಸಿಪಿಯು ಹೋಯ್ತಾ? ಮಂಡೆಬಿಸಿ ಆಗ್ತಿದೆ.

ಅಡಿಕೆ_ತೋಟದವ

ತಮ್ಮ, ಒಂದು ಪ್ರಶ್ನೆ. ನಿಮ್ಮಲ್ಲಿ ತೋಟದ ಪಂಪು ಎಷ್ಟು ಗಂಟೆಗೆ ಹಾಕುತ್ತಾರೆ?

ನಗಬೇಡ. ನನ್ನದೂ ಬದಿಯಡ್ಕದ ಹತ್ತಿರ ತೋಟದ ನಡುವಿನ ಮನೆ. ಕಳೆದ ಬೇಸಿಗೆಯಲ್ಲಿ ಇದೇ ಕಥೆ. ಮೂರು ವಾರ ನಾನು ಕರ್ವನ್ನು 20ರಿಂದ 15, 15ರಿಂದ 10, ಕೊನೆಗೆ ಸೊನ್ನೆಗೆ ತಂದೆ. ಕಾರ್ಡಿನ ಕ್ಲಾಕ್ ಇಳಿಸಿದೆ, ರ‍್ಯಾಮ್ ಕಿತ್ತು ಒರೆಸಿ ಹಾಕಿದೆ, ಪೇಸ್ಟ್ ಬದಲಿಸಿದೆ. ಒಂದು ಸಂಜೆ ಆಟ ಬಿಟ್ಟು ಸುಮ್ನೆ ಕೂತಿದ್ದೆ. ಟ್ಯೂಬ್‌ಲೈಟು ಒಮ್ಮೆ ಮಿಣುಕಿತು, ಕೆರೆಯ ಬದಿಯಿಂದ ಪಂಪು ಗುಂಯ್ ಅಂದಿತು, ಅದೇ ಗಳಿಗೆಗೆ ಪಿಸಿ ರೀಸ್ಟಾರ್ಟ್. ಮೋಟರು ಹೊರಡುವಾಗ ಓಡುವಾಗಿನ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಲೈನು ಮೊದಲೇ ಸೋತಿದ್ದರೆ ಆ ಕ್ಷಣಕ್ಕೆ ವೋಲ್ಟೇಜ್ ಕುಸಿಯುತ್ತದೆ. ಪಂಪಿಗೆ ಬೇರೆ ಮೀಟರಾದರೂ ಟ್ರಾನ್ಸ್‌ಫಾರ್ಮರ್ ಒಂದೇ ಅಲ್ವಾ.

ನೀನು ಎರಡು ನೋಡು. ಒಂದು, ಪವರ್ ಸಪ್ಲೈಯ ಚೀಟಿ. 100–240 ವೋಲ್ಟ್ ಅಂತ ಇದ್ದರೆ ವೋಲ್ಟೇಜ್ 180ಕ್ಕೆ ಬಂದರೂ ತಡೆದುಕೊಳ್ಳಬೇಕು. 200–240 ಅಂತ ಮಾತ್ರ ಇದ್ದರೆ ನಮ್ಮ ಊರಿನ ಸಂಜೆಗೆ ಅದು ಆಗುವುದಿಲ್ಲ. ಎರಡು, ವಿಂಡೋಸ್‌ನ ಇವೆಂಟ್ ವ್ಯೂವರ್. ಆ ಹೊತ್ತಿಗೆ ಕರ್ನಲ್-ಪವರ್ 41 (ಪಿಸಿ ಸರಿಯಾಗಿ ಶಟ್‌ಡೌನ್ ಆಗದೆ ರೀಸ್ಟಾರ್ಟ್ ಆಯ್ತು ಅನ್ನುವ ದಾಖಲೆ) ಒಂದೇ ಇದ್ದರೆ ಹೆಚ್ಚಿನಂಶ ಕರೆಂಟಿನ ಕಡೆಯದ್ದು. ಜೊತೆಗೆ ವೀಯಾ-ಲಾಗರ್ (WHEA-Logger) ಅಂತ ಹಾರ್ಡ್‌ವೇರ್ ತಪ್ಪಿನ ದಾಖಲೆ ಕಂಡರೆ ಚಿಪ್ಪನ್ನು ಸಂಶಯಪಡು.

ಯುಪಿಎಸ್ ತೆಗೆಯುವುದಾದರೆ 600 ವಿಎ ಬೇಡ. ಅದು ಕೊಡುವುದು 360 ವ್ಯಾಟಿನಷ್ಟು. ನಿನ್ನ ಕಾರ್ಡೇ 170, ಸಿಪಿಯು 76ರವರೆಗೆ ಹೋಗುತ್ತದೆ, ಮಾನಿಟರು, ಫ್ಯಾನು ಎಲ್ಲಾ ಸೇರಿದರೆ ಅಂಚಿಗೆ ಬಂದ ಹಾಗೆಯೇ, ಅದರ ಮೇಲೆ ಓವರ್‌ಕ್ಲಾಕ್ ಬೇರೆ. 1000 ವಿಎ ನೋಡು. ಯುಪಿಎಸ್ ಬಂತೆಂದು ಸಿಡಿಲಿಗೆ ಧೈರ್ಯ ಬೇಡ. ತುಲಾ ತಿಂಗಳಲ್ಲಿ (ಅಕ್ಟೋಬರ್-ನವೆಂಬರ್) ಗುಡುಗು ಶುರುವಾದರೆ ಗೋಡೆಯ ಪ್ಲಗ್ಗೂ ಕೀಳಬೇಕು, ರೂಟರಿನಿಂದ ಬರುವ ಲ್ಯಾನ್ ವಯರೂ ಕೀಳಬೇಕು.

ಮತ್ತೆ, ಕೇಸಿನ ಹಿಂದಿನ ಖಾಲಿ ಸ್ಲಾಟುಗಳನ್ನು ಮುಚ್ಚಿಟ್ಟುಕೋ. ನನ್ನ ಮೊದಲ ಪವರ್ ಸಪ್ಲೈ ಸತ್ತದ್ದು ಓವರ್‌ಕ್ಲಾಕ್‌ನಿಂದ ಅಲ್ಲ, ಹಲ್ಲಿಯಿಂದ.

ಉಪ್ಪಳ_ಎಫ್‌ಪಿಎಸ್

ಎಲ್ಲರೂ ದೊಡ್ಡ ದೊಡ್ಡದು ಹೇಳಿದಿರಿ, ರ‍್ಯಾಮ್ ಯಾರೂ ಕೇಳಲಿಲ್ಲ. ಡೀಫಾಲ್ಟ್ ಲೋಡ್ ಮಾಡಿದರೆ ರ‍್ಯಾಮನ್ನು ಅದರ ಪೂರ್ತಿ ವೇಗಕ್ಕೆ ಓಡಿಸುವ ಎಕ್ಸ್‌ಎಂಪಿ ಆಫ್ ಆಗುತ್ತದೆ. ಅದಕ್ಕೆ ಮೊದಲಾದರೂ ಆನ್ ಇತ್ತಾ? 3200ರ ರ‍್ಯಾಮ್ ತಂದು 2133ರಲ್ಲಿ ಓಡಿಸುವವರು ಬೇಕಾದಷ್ಟು ಜನ. ವ್ಯಾಲರಂಟ್‌ನಂಥ ಆಟದಲ್ಲಿ ಸಿಪಿಯುವಿನ 200 ಮೆಗಾಹರ್ಟ್ಸ್‌ಗಿಂತ ಅದೇ ದೊಡ್ಡ ವ್ಯತ್ಯಾಸ.

3060ರ ಬಗ್ಗೆ: +150, +800 ಒಟ್ಟಿಗೆ ಹಾಕಿದರೆ ಯಾವುದು ತಪ್ಪಿದ್ದು ಅಂತ ಗೊತ್ತಾಗುವುದು ಹೇಗೆ? ಮೊದಲು ಕೋರ್ ಮಾತ್ರ, 25ರಂತೆ. ಪ್ರತಿ ಸಲ ಕಾರ್ಡನ್ನು ದುಡಿಸಿ ನೋಡುವ ಸೂಪರ್‌ಪೊಸಿಶನ್ ಓಡಿಸು. ಡ್ರೈವರ್ ಕ್ರ್ಯಾಶ್ ಆದ ಜಾಗದಿಂದ ಎರಡು ಹೆಜ್ಜೆ ಹಿಂದೆ ಬಾ. ಆಮೇಲೆ ಮೆಮೊರಿ, 100ರಂತೆ. ಸ್ಕ್ರೀನಿನಲ್ಲಿ ಬಣ್ಣದ ಚುಕ್ಕೆ ಮಿನುಗಿದರೆ ಮೆಮೊರಿ ಜಾಸ್ತಿಯಾಯಿತು ಅಂತ. ವಾರ ಕಳೆಯುವವರೆಗೆ ವಿಂಡೋಸ್ ಜೊತೆ ಶುರುವಾಗುವ ಬಟನ್ ಒತ್ತಬೇಡ, ಇಲ್ಲದಿದ್ದರೆ ಕ್ರ್ಯಾಶ್ ಆದ ಸೆಟ್ಟಿಂಗೇ ಪುನಃ ಬಂದು ಕೂರುತ್ತದೆ.

ನಾನಂತೂ ಈಗ ಉಲ್ಟಾ ಮಾಡಿದ್ದೇನೆ, ಕಾರ್ಡಿನ ವೋಲ್ಟೇಜ್ ಇಳಿಸಿದ್ದೇನೆ. ಆಫ್ಟರ್‌ಬರ್ನರ್‌ನಲ್ಲಿ ಕಂಟ್ರೋಲ್-ಎಫ್ ಒತ್ತಿ ಕಾರ್ಡಿನ ವೋಲ್ಟೇಜ್-ವೇಗದ ಕರ್ವ್ ತೆರೆದು 0.875 ವೋಲ್ಟಿನ ಚುಕ್ಕೆಯನ್ನು 1830ಕ್ಕೆ ಏರಿಸಿ, ಅದರಿಂದ ಬಲಕ್ಕೆ ಎಲ್ಲಾ ಸಪಾಟು. ಎಫ್‌ಪಿಎಸ್ ಹೆಚ್ಚುಕಡಿಮೆ ಮೊದಲಿನಷ್ಟೇ, ಕಾರ್ಡು ಎಂಟು ಡಿಗ್ರಿ ತಂಪು. ನಿನ್ನ ಕಾರ್ಡಿಗೆ ಬೇರೆ ಅಂಕೆ ಬೇಕಾದೀತು, ಹಾಗೇ ನಕಲು ಮಾಡಬೇಡ.

ಸೆಕೆ_ಸುಬ್ಬ

ಹೌದು, ರ‍್ಯಾಮ್ ಕೇಳಬೇಕಿತ್ತು. ಇನ್ನೊಂದು: ಪರೀಕ್ಷೆ ಈಗಲೇ ಮಾಡು, ಮೇ ಕೊನೆಯ ಪತ್ತನಾಜೆ ಕಳೆದು ಮಳೆ ಹಿಡಿಯುವವರೆಗೆ ಕಾಯಬೇಡ. ಜುಲೈಯ ತಂಪಿಗೆ ನಿಂತದ್ದು ಮುಂದಿನ ಎಪ್ರಿಲ್‌ಗೆ ನಿಲ್ಲಬೇಕೆಂದಿಲ್ಲ. ಈ ಸೆಕೆಯಲ್ಲಿ ಪಾಸಾದರೆ ವರ್ಷವಿಡೀ ಪಾಸು.

ಪೆರ್ಲ_ಪಿಂಗ್

ನಾಲ್ಕು ದಿನದ ವರದಿ. ಚೀಟಿಯಲ್ಲಿ 200–240. ಇವೆಂಟ್ ವ್ಯೂವರಿನಲ್ಲಿ ಬರೇ 41. ಪಂಪು ಹಾಕುವುದು ಆರೂವರೆಗೆ, ನಿನ್ನೆ ಅಪ್ಪನ ಒಟ್ಟಿಗೆ ಹೋಗಿ ಸ್ಟಾರ್ಟರ್ ಒತ್ತಿ ಬಂದು ನೋಡಿದೆ, ಪಿಸಿ ರೀಸ್ಟಾರ್ಟ್ ಆಗಿತ್ತು. ಎಕ್ಸ್‌ಎಂಪಿ ಎರಡು ವರ್ಷದಿಂದ ಆಫ್!! ಈಗ 3200. ಕರ್ವ್ ನೆಗೆಟಿವ್ 15, ಎರಡು ರಾತ್ರಿ ಕೋರ್‌ಸೈಕ್ಲರ್ ಪಾಸು, ಸಿನಿಬೆಂಚ್‌ನಲ್ಲಿ 74. ಕಾರ್ಡಿನದ್ದು ಈ ಭಾನುವಾರ.

ಪವರ್ ಸಪ್ಲೈ ಬದಲಿಸಲು ಹಣ ಕೇಳಿದೆ. ನಿನ್ನ ಆಟದ ಡಬ್ಬಿಗೆ ಅಷ್ಟು ಕೊಡುವ ಬದಲು ಪಂಪನ್ನು ಬೆಳಗ್ಗೆಯೇ ಹಾಕಿದರಾಯಿತಲ್ಲ, ನೀನೇ ಐದು ಗಂಟೆಗೆ ಎದ್ದು ಹಾಕು ಅಂತ ಅಪ್ಪ.